ಮನೆತನದ ಚರಿತ್ರೆಗೆ ಅಂತರಜಾಲದ ಉಚಿತ ದಾಖಲೆಗಳು: ಒಂದು ಆಕರ ವಿಮರ್ಶೆ

1

ತನ್ನ ಹಿರಿಯರು ಯಾರು, ಎಲ್ಲಿಂದ ಬಂದರು, ಹೇಗೆ ಬಾಳಿದರು ಎಂಬುದನ್ನು ತಿಳಿಯಬೇಕೆಂಬ ಕುತೂಹಲ ಮನುಷ್ಯನಿಗೆ ಸಹಜವಾದುದು. ಅರಸುಮನೆತನಗಳು ಶಾಸನಗಳ ಆರಂಭದಲ್ಲಿ ವಂಶಪ್ರಶಸ್ತಿಗಳನ್ನು ಕೆತ್ತಿಸಿದವು. ಮಠಗಳು ಗುರುಪರಂಪರೆಗಳನ್ನು ಬರೆಯಿಸಿದವು. ಉಳಿದ ಜನರಲ್ಲಿ ಕೆಲವರು ಶ್ರಾದ್ಧದ ದಿನ ಮೂರು ತಲೆಗಳ ಹೆಸರನ್ನು ನೆನೆದು, ಕೆಲವರು ಮನೆದೇವರ ಜಾತ್ರೆಯಲ್ಲಿ ತಮ್ಮ ಒಕ್ಕಲುಗಳನ್ನು ಗುರುತಿಸಿ ತೃಪ್ತರಾದರು. ಈಚಿನ ಎರಡು ದಶಕಗಳಲ್ಲಿ ಈ ಸ್ಥಿತಿ ಬಹುಮಟ್ಟಿಗೆ ಬದಲಾಗಿದೆ. ಕಚೇರಿಯ ಗುಮಾಸ್ತರನ್ನು ಕಾಡಿ ಬೇಡಿ ನೋಡಬೇಕಾಗಿದ್ದ ಪಹಣಿಯನ್ನು ಇಂದು ಯಾರು ಬೇಕಾದರೂ ಮನೆಯಲ್ಲಿಯೇ ಕುಳಿತು, ಕಾಸು ಖರ್ಚಿಲ್ಲದೆ ಓದಬಹುದಾಗಿದೆ. ಮತದಾರರ ಪಟ್ಟಿಗಳು, ಶಾಸನ ಸಂಪುಟಗಳು, ಗೆಜೆಟಿಯರುಗಳು, ಹಡಗುಗಳ ಪ್ರಯಾಣಿಕರ ಪಟ್ಟಿಗಳು, ಇಗರ್ಜಿಗಳ ಜನನ-ವಿವಾಹ ದಾಖಲೆಗಳ ಸೂಚಿಗಳು, ರಾಷ್ಟ್ರೀಯ ಅಭಿಲೇಖಾಲಯವು 2015ರಲ್ಲಿ ತೆರೆದ ‘ಅಭಿಲೇಖ್ ಪಟಲ್’ ಎಂಬ ಜಾಲತಾಣದ ಕಡತಗಳು, ಇವೆಲ್ಲವೂ ಈ ಬಗೆಯಲ್ಲಿ ದೊರೆಯುತ್ತಿವೆ.

ಇದರ ಫಲವಾಗಿ ಮನೆತನದ ಚರಿತ್ರೆಗಳು ಹೇರಳವಾಗಿ ಬರೆಯಲ್ಪಡುತ್ತಿವೆ. ನಮ್ಮ ವಿಭಾಗಕ್ಕೂ ಅಂತಹ ಹಸ್ತಪ್ರತಿಗಳು ಅಭಿಪ್ರಾಯಕ್ಕಾಗಿ ಬರುತ್ತಿರುತ್ತವೆ. ಅವುಗಳ ಹಿಂದಿರುವ ಶ್ರದ್ಧೆಯನ್ನು ನಾವು ಗೌರವಿಸುತ್ತೇವೆ. ಆದರೆ ಅವುಗಳಲ್ಲಿ ಬಹುಪಾಲು ಒಂದೇ ದೋಷಕ್ಕೆ ಒಳಗಾಗಿವೆ ಎಂಬುದನ್ನು ಹೇಳದೆ ವಿಧಿಯಿಲ್ಲ. ದಾಖಲೆಯಲ್ಲಿ ಹೆಸರು ದೊರೆತೊಡನೆ ಹಿರಿಯನು ದೊರೆತನೆಂದು ಲೇಖಕರು ನಂಬುತ್ತಾರೆ. ಹೆಸರು ದೊರೆಯದಿದ್ದಲ್ಲಿ ಹಿರಿಯನೇ ಇರಲಿಲ್ಲವೆಂಬಂತೆ ಮುಂದೆ ಸಾಗುತ್ತಾರೆ. ಈ ಎರಡು ನಂಬಿಕೆಗಳೂ ಚರಿತ್ರೆಯ ಪ್ರಮಾಣಕ್ಕೆ ನಿಲ್ಲತಕ್ಕವಲ್ಲ. ಕನ್ನಡ ನಾಡಿನ ಮನೆತನಗಳಿಗೆ ಸಂಬಂಧಿಸಿದಂತೆ ಈ ಉಚಿತ ದಾಖಲೆಗಳು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

2

ಮೊದಲು ಈ ಪದ್ಧತಿಯ ಮೂಲವನ್ನು ಗಮನಿಸುವುದು ಅವಶ್ಯಕ. ಅಂತರಜಾಲದ ನೆರವಿನಿಂದ ವಂಶವೃಕ್ಷವನ್ನು ರಚಿಸುವ ಕ್ರಮ ಬೆಳೆದುದು ಅಮೆರಿಕ ಮತ್ತು ಇಂಗ್ಲೆಂಡುಗಳಲ್ಲಿ. ಅಮೆರಿಕದ ಯೂಟಾ ಪ್ರಾಂತದಲ್ಲಿ 1894ರಲ್ಲಿ ಸ್ಥಾಪಿತವಾದ ವಂಶಾವಳಿ ಸಂಘವು ಮುಂದೆ ಲೋಕದ ನಾನಾ ಭಾಗಗಳ ದಾಖಲೆಗಳನ್ನು ಕಿರುಚಿತ್ರಸುರುಳಿಗಳಲ್ಲಿ ಸಂಗ್ರಹಿಸಿತು. ಹರಿದ್ವಾರವೇ ಮೊದಲಾದ ಕ್ಷೇತ್ರಗಳ ಪಂಡರ ಬಹಿಗಳೂ, ಎಂದರೆ ಯಾತ್ರಿಕರ ಮನೆತನಗಳ ವಿವರವನ್ನು ತಲೆಮಾರುಗಳಿಂದ ಬರೆದಿಟ್ಟ ಪುಸ್ತಕಗಳೂ, ಆ ಸಂಗ್ರಹದಲ್ಲಿ ಸೇರಿವೆ. ಆ ಸಂಘದ ಕಾರ್ಯವೇ 1999ರಿಂದ ‘ಫ್ಯಾಮಿಲಿಸರ್ಚ್’ ಎಂಬ ಉಚಿತ ಜಾಲತಾಣವಾಗಿ ಎಲ್ಲರಿಗೂ ತೆರೆದಿದೆ.

ಈ ಕ್ರಮದ ಬೆನ್ನೆಲುಬು ಜನಗಣತಿ. ಅಮೆರಿಕದಲ್ಲಿ ಗಣತಿಯ ಮನೆವಾರು ಪತ್ರಗಳು 72 ವರ್ಷಗಳ ನಂತರ ಪ್ರಕಟವಾಗುತ್ತವೆ. 1950ರ ಗಣತಿಯ ಪತ್ರಗಳು 2022ರ ಏಪ್ರಿಲ್ 1ರಂದು ಉಚಿತವಾಗಿ ದೊರೆತವು. ಇಂಗ್ಲೆಂಡಿನಲ್ಲಿ ನೂರು ವರ್ಷಗಳ ಗಡುವಿನ ಮೇಲೆ 1921ರ ಪತ್ರಗಳು ಅದೇ ವರ್ಷ ಹೊರಬಂದವು. ಮನೆಯ ಯಜಮಾನ, ಅವನ ಪತ್ನಿ, ಮಕ್ಕಳು, ವಯಸ್ಸು, ಕಸುಬು, ಹುಟ್ಟಿದ ಊರು ಇವೆಲ್ಲ ಹತ್ತು ವರ್ಷಕ್ಕೊಮ್ಮೆ ಒಂದೇ ಹಾಳೆಯಲ್ಲಿ ದೊರೆಯುವುದರಿಂದ, ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದು ಅಲ್ಲಿ ಸುಲಭಸಾಧ್ಯ.

ನಮ್ಮಲ್ಲಿ ಈ ಸೇತುವೆ ಇಲ್ಲ. ಮೈಸೂರು ಸಂಸ್ಥಾನದಲ್ಲಿ 1871ರಿಂದ ಗಣತಿ ನಡೆದಿದೆ. ಅದರ ವರದಿಗಳನ್ನು ಅಂತರಜಾಲದಲ್ಲಿ ಓದಬಹುದು. ಆದರೆ ಅವುಗಳಲ್ಲಿರುವುದು ಮೊತ್ತಗಳೇ ಹೊರತು ಹೆಸರುಗಳಲ್ಲ. ಗಣತಿಯ ಪತ್ರಗಳನ್ನು ಯಾರೂ ಪರಿಶೀಲಿಸುವಂತಿಲ್ಲವೆಂದೂ ಸಾಕ್ಷ್ಯವಾಗಿ ಬಳಸುವಂತಿಲ್ಲವೆಂದೂ 1948ರ ಜನಗಣತಿ ಕಾಯಿದೆಯ 15ನೆಯ ಪ್ರಕರಣ ವಿಧಿಸಿದೆ. ಇದರ ಅರ್ಥವೇನೆಂಬುದನ್ನು ಒಂದು ನಿದರ್ಶನದಿಂದ ತಿಳಿಯಬಹುದು. 1871ರಲ್ಲಿ ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ; 1881ರಲ್ಲಿ ಅದು ಸುಮಾರು 41 ಲಕ್ಷ 86 ಸಾವಿರಕ್ಕೆ ಇಳಿಯಿತು. ನಡುವೆ ಬಂದುದು 1876–78ರ ಮಹಾಕ್ಷಾಮ. ಆ ವರದಿಗಳಿಂದ ನಾವು ಎಂಟು ಲಕ್ಷಕ್ಕೂ ಮೀರಿದ ಕೊರತೆಯನ್ನು ಅರಿಯುತ್ತೇವೆ. ಆ ಕೊರತೆಯಲ್ಲಿ ಅಡಗಿಹೋದ ಒಬ್ಬ ರೈತನ, ಒಂದು ಕೂಸಿನ ಹೆಸರನ್ನೂ ಅರಿಯಲಾರೆವು.

ಅದೇ ಕಾಲದಲ್ಲಿ ಬೆಂಗಳೂರಿನ ದಂಡುಪ್ರದೇಶದಲ್ಲಿ ಹುಟ್ಟಿದ ಆಂಗ್ಲ ಸಿಪಾಯಿಯ ಮಗುವಿನ ವಿಷಯವೇ ಬೇರೆ. ಇಗರ್ಜಿಗಳ ದಾಖಲೆಯ ಪ್ರತಿಗಳು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದುದರಿಂದ, ಅಂತಹ ಮಗುವಿನ ದೀಕ್ಷಾಸ್ನಾನದ ದಿನಾಂಕವನ್ನು ಫ್ಯಾಮಿಲಿಸರ್ಚಿನ 1786–1947ರ ಸೂಚಿಯಲ್ಲಾಗಲಿ, ಬ್ರಿಟಿಷ್ ಭಾರತದ ಕುಟುಂಬಗಳ ಸಂಘವು ಉಚಿತವಾಗಿ ಒದಗಿಸಿರುವ ಪಟ್ಟಿಗಳಲ್ಲಾಗಲಿ ಕೆಲವೇ ನಿಮಿಷಗಳಲ್ಲಿ ಕಾಣುವ ಸಂಭವವಿದೆ. ದಂಡಿನಿಂದ ಎರಡು ಹರದಾರಿ ದೂರದ ಹಳ್ಳಿಯಲ್ಲಿ ಅದೇ ದಿನ ಹುಟ್ಟಿದ ಮಗುವಿಗೆ ಅಂತಹ ಗುರುತು ಇಲ್ಲ. ದೇಶಕ್ಕೆಲ್ಲ ಏಕರೂಪವಾದ ಜನನ ಮರಣ ನೋಂದಣಿಯ ಕಾಯಿದೆ ಬಂದುದೇ 1969ರಲ್ಲಿ. ಆದುದರಿಂದ ಪಶ್ಚಿಮದ ಪದ್ಧತಿಯನ್ನು ಯಥಾವತ್ತಾಗಿ ನಮ್ಮ ಮನೆತನಗಳಿಗೆ ಅನ್ವಯಿಸುವುದು ಯುಕ್ತವಲ್ಲ.

3

ಕನ್ನಡ ನಾಡಿನ ಒಕ್ಕಲುಮನೆತನಗಳಿಗೆ ಹತ್ತಿರದ ಆಕರವೆಂದರೆ ಕಂದಾಯದ ದಾಖಲೆ. ‘ಭೂಮಿ’ ಯೋಜನೆಯ ಮೂಲಕ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದುದು ಈ ಶತಮಾನದ ಆರಂಭದ ಒಂದು ದೊಡ್ಡ ಕಾರ್ಯವೇ ಸರಿ. ಪಹಣಿಯ 9ನೆಯ ಕಾಲಮಿನಲ್ಲಿ ಸ್ವಾಧೀನದಾರನ ಹೆಸರೂ ತಂದೆಯ ಅಥವಾ ಗಂಡನ ಹೆಸರೂ ಇರುತ್ತವೆ. 10ನೆಯದರಲ್ಲಿ ಹಕ್ಕು ಬಂದ ರೀತಿ, ಎಂದರೆ ಕ್ರಯವೋ ವಿಭಾಗವೋ ಪೌತಿಯೋ ದಾನವೋ ಎಂಬುದೂ, ಹಕ್ಕು ಬದಲಾವಣೆಯ ಸಂಖ್ಯೆಯೂ ಇರುತ್ತವೆ. ಆ ಸಂಖ್ಯೆಯ ಜಾಡು ಹಿಡಿದು ಹೋದರೆ ಕೆಲವು ವೇಳೆ ಅಣ್ಣತಮ್ಮಂದಿರ ಪಾಲುಪಟ್ಟಿಯವರೆಗೂ ತಲುಪಬಹುದು. ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂಸುರಕ್ಷಾ ಕಾರ್ಯದಿಂದ ಈ ಜಾಡು ಇನ್ನಷ್ಟು ಹಿಂದಕ್ಕೆ ಹೋಗುವ ನಿರೀಕ್ಷೆಯೂ ಇದೆ.

ಆದರೆ ಪಹಣಿಯನ್ನು ಬರೆದವರು ವಂಶಚರಿತ್ರೆಗಾಗಿ ಬರೆಯಲಿಲ್ಲ. ಕಂದಾಯವನ್ನು ಯಾರಿಂದ ವಸೂಲು ಮಾಡಬೇಕೆಂಬುದಕ್ಕಾಗಿ ಬರೆದರು. ಈ ಉದ್ದೇಶವನ್ನು ಮರೆತರೆ ಮೂರು ಬಗೆಯ ಪ್ರಮಾದಗಳು ಉಂಟಾಗುತ್ತವೆ.

ಮೊದಲನೆಯದಾಗಿ, ಪಹಣಿಯಲ್ಲಿ ಸತ್ತವರು ಬಹುಕಾಲ ಬದುಕಿರುತ್ತಾರೆ. ಮಕ್ಕಳು ಪೌತಿ ಖಾತೆ ಮಾಡಿಸಿಕೊಳ್ಳದೆ ಇದ್ದಷ್ಟು ಕಾಲವೂ ತಾತನ ಹೆಸರೇ ಮುಂದುವರಿಯುತ್ತದೆ. ಇಂತಹ ವರ್ಷದ ಪಹಣಿಯಲ್ಲಿ ಹೆಸರಿದೆ, ಆದುದರಿಂದ ಆ ವರ್ಷ ಅವರು ಜೀವಂತರಾಗಿದ್ದರು ಎಂಬ ವಾದವನ್ನು ನಾವು ಒಂದಕ್ಕಿಂತ ಹೆಚ್ಚು ಹಸ್ತಪ್ರತಿಗಳಲ್ಲಿ ಕಂಡಿದ್ದೇವೆ. ಅದು ನಿರಾಧಾರವಾದುದು.

ಎರಡನೆಯದಾಗಿ, ಉಳುವವನ ಹೆಸರು ಹಿಡುವಳಿದಾರನ ಕಾಲಮಿಗೆ ಬಂದುದು ತೀರ ಈಚೆಗೆ. 1961ರ ಭೂಸುಧಾರಣಾ ಕಾಯಿದೆಗೆ 1974ರಲ್ಲಿ ಆದ ತಿದ್ದುಪಡಿಯಿಂದ ಗೇಣಿಯ ಜಮೀನುಗಳು ಆ ವರ್ಷದ ಮಾರ್ಚ್ 1ರಿಂದ ಸರ್ಕಾರದಲ್ಲಿ ನಿಹಿತವಾದವು. ಗೇಣಿದಾರರು 7ನೆಯ ನಮೂನೆಯಲ್ಲಿ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ಹಕ್ಕು ಪಡೆದರು. ಅಂತಹ ಮನೆಗಳ ಪಹಣಿಯ ಜಾಡು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೂ ಹಿಂದೆ ಆ ಕಾಲಮಿನಲ್ಲಿರುವುದು ಧಣಿಯ ಹೆಸರು. ನೂರು ವರ್ಷ ಅದೇ ಗದ್ದೆಯಲ್ಲಿ ನೇಗಿಲು ಹಿಡಿದ ಮನೆಯವರನ್ನು 1974ರ ಈಚೆಗೆ ಊರಿಗೆ ಬಂದವರೆಂದು ಭಾವಿಸಲು ಈ ದಾಖಲೆಯೊಂದನ್ನೇ ನಂಬಿದರೆ ಸಾಕು. ಅಲ್ಲಿ ಆರಂಭವಾಗುವುದು ಮನೆತನವಲ್ಲ, ಅದರ ಮೇಲೆ ರಾಜ್ಯದ ಕಣ್ಣು ಬಿದ್ದ ಕಾಲ.

ಮೂರನೆಯದಾಗಿ, ಆಸ್ತಿಯ ದಾಖಲೆಯು ಸ್ತ್ರೀಯರ ವಿಷಯದಲ್ಲಿ ಬಹುಮಟ್ಟಿಗೆ ಮೌನ ತಾಳುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮಾನ ಹಕ್ಕು ದೊರೆತುದು ನಮ್ಮ ರಾಜ್ಯದ 1994ರ ತಿದ್ದುಪಡಿಯಿಂದ, ಅನಂತರ 2005ರ ಕೇಂದ್ರ ತಿದ್ದುಪಡಿಯಿಂದ. ಅದಕ್ಕೂ ಮೊದಲು ಅವಳ ಹೆಸರು ಬರುವುದು ಹೆಚ್ಚಾಗಿ ವಿಧವೆಯಾದಾಗ. ಆಗಲೂ ‘ಕೋಂ’ ಎಂಬ ಅಕ್ಷರಗಳ ಮುಂದೆ ಗಂಡನ ಹೆಸರಿನೊಡನೆ. ಅವಳ ತವರು ಯಾವುದು, ತಂದೆ ಯಾರು ಎಂಬುದನ್ನು ಕಂದಾಯದ ಅಧಿಕಾರಿ ಕೇಳಲಿಲ್ಲ. ಇದು ಕಂದಾಯ ಇಲಾಖೆಯೊಂದರ ವೈಶಿಷ್ಟ್ಯವೂ ಅಲ್ಲ. 1951–52ರ ಮೊದಲ ಮಹಾಚುನಾವಣೆಯ ಕಾಲದಲ್ಲಿ, ತಮ್ಮ ಹೆಸರು ಹೇಳಲೊಪ್ಪದೆ ಇಂತಹವರ ಪತ್ನಿ, ಇಂತಹವರ ತಾಯಿ ಎಂದಷ್ಟೇ ತಿಳಿಸಿದ ಸುಮಾರು 28 ಲಕ್ಷ ಸ್ತ್ರೀಯರನ್ನು ಮತದಾರರ ಪಟ್ಟಿಗಳಿಂದ ಕೈಬಿಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಉತ್ತರದ ಪ್ರಾಂತಗಳವರು. ಆದರೆ ಗಂಡನ ಹೆಸರಿನ ಹಿಂದೆ ಮರೆಯಾಗುವ ರೀತಿ ನಮಗೆ ಅಪರಿಚಿತವಾದುದಲ್ಲ.

4

ಇದಕ್ಕೆ ಪ್ರತಿಯಾಗಿ, ಸ್ತ್ರೀಯ ಹೆಸರನ್ನೂ ಅವಳ ತಂದೆಯ ಹೆಸರನ್ನೂ ಜೋಪಾನವಾಗಿ ಬರೆದಿಟ್ಟ ಒಂದು ದಾಖಲೆ ಉಂಟು. ಅದು ದಕ್ಷಿಣ ಆಫ್ರಿಕದ ನಟಾಲಿಗೆ ಹೋದ ಕರಾರು ಕೂಲಿಗಳ ಪಟ್ಟಿ. ಮದ್ರಾಸಿನಿಂದ ಹೊರಟ ‘ಟ್ರೂರೊ’ ಎಂಬ ಹಡಗು 1860ರ ನವೆಂಬರ್ 16ರಂದು ಡರ್ಬನ್ ತಲುಪಿತು. ಅಂದಿನಿಂದ 1911ರವರೆಗೆ ಮದ್ರಾಸು, ಕಲ್ಕತ್ತೆಗಳಿಂದ ಅಲ್ಲಿಗೆ ಹೋದವರು 1,52,184 ಮಂದಿ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ. ಅದರ ಮುಂದೆ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲ್ಲೂಕು, ಹಳ್ಳಿ, ಮೈಮೇಲಿನ ಗುರುತು. ಈ ಪಟ್ಟಿಗಳನ್ನು ಕ್ವಾಜುಲು-ನಟಾಲ್ ವಿಶ್ವವಿದ್ಯಾನಿಲಯದ ಗಾಂಧಿ-ಲುಥುಲಿ ದಾಖಲಾ ಕೇಂದ್ರವು ಉಚಿತವಾಗಿ ಒದಗಿಸಿದೆ. ಮದ್ರಾಸಿನಿಂದ ಹೊರಟವರಲ್ಲಿ ಹೆಚ್ಚಿನವರು ತಮಿಳು ತೆಲುಗು ಜಿಲ್ಲೆಗಳವರಾದರೂ, ಜಿಲ್ಲೆಯ ಜಾಗದಲ್ಲಿ ಮೈಸೂರು, ಬೆಂಗಳೂರು ಎಂದಿರುವ ನಮೂದುಗಳೂ ಉಂಟು.

ಇಲ್ಲಿಯ ವೈಪರೀತ್ಯವನ್ನು ಗಮನಿಸಬೇಕು. ಕರಾರು ಒಬ್ಬೊಬ್ಬರ ದುಡಿಮೆಗೆ ಸಂಬಂಧಿಸಿದುದರಿಂದ ಹೆಂಗಸಿಗೂ ಪ್ರತ್ಯೇಕವಾದ ಸಂಖ್ಯೆ, ಪ್ರತ್ಯೇಕವಾದ ಸಾಲು. ಊರಲ್ಲಿ ಹೊಲವಿದ್ದ ಮನೆಯ ಗೃಹಿಣಿಯ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲದಿರುವಾಗ, ಹೊಟ್ಟೆಪಾಡಿಗೆ ಕಡಲು ದಾಟಿದವಳ ಹೆಸರೂ ತಂದೆಯ ಹೆಸರೂ ಉಳಿದಿವೆ. ಗೌರವದಿಂದಲ್ಲ, ಓಡಿಹೋದರೆ ಹಿಡಿಯಲು ಗುರುತು ಬೇಕೆಂಬ ಕಾರಣದಿಂದ. ದಾಖಲೆಯ ಸಮೃದ್ಧಿಯನ್ನು ಮನೆತನದ ಪ್ರತಿಷ್ಠೆಯೆಂದು ತಿಳಿಯುವವರಿಗೆ ಇದೊಂದು ಪಾಠ.

ಈ ಪಟ್ಟಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹೆಸರುಗಳನ್ನು ಕಿವಿಗೆ ಬಿದ್ದಂತೆ ರೋಮನ್ ಲಿಪಿಯಲ್ಲಿ ಬರೆದಿದ್ದಾರೆ. ಬೆಂಗಳೂರು ಎಂದಿರುವಲ್ಲಿ ಅದು ಹುಟ್ಟಿದ ಊರೋ, ಕೂಲಿಗೆ ಸೇರಿಸಿಕೊಂಡ ಊರೋ ಎಂಬುದನ್ನು ನಿರ್ಣಯಿಸಲು ಹಳ್ಳಿಯ ಹೆಸರಿನ ನೆರವು ಬೇಕು. ಹಳ್ಳಿಯ ಹೆಸರೋ, ಗುರುತು ಸಿಕ್ಕದಂತೆ ಕೆಟ್ಟಿರುವುದುಂಟು. ತಮ್ಮ ಮೂಲದ ಊರನ್ನು ಅರಸುವ ಡರ್ಬನ್ನಿನ ಕುಟುಂಬಕ್ಕೆ ಇಲ್ಲಿಯ ಗ್ರಾಮನಾಮಗಳನ್ನು ಬಲ್ಲ ಸ್ಥಳೀಯ ಚರಿತ್ರಕಾರನ ಸಹಾಯ ಅನಿವಾರ್ಯ.

ಶಾಸನಗಳ ವಿಷಯದಲ್ಲಿ ಒಂದು ಮಾತು. ಬಿ. ಎಲ್. ರೈಸ್ ಅವರು 1886ರಿಂದ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳು ಇಂದು ಅಂತರಜಾಲದಲ್ಲಿ ಎಲ್ಲರಿಗೂ ಲಭ್ಯ. ವಿಜಯನಗರ ಕಾಲದ ತಾಮ್ರಶಾಸನಗಳಲ್ಲಿ ವೃತ್ತಿ ಪಡೆದವರ ಹೆಸರು, ತಂದೆಯ ಹೆಸರು, ಗೋತ್ರ, ಸೂತ್ರ, ಶಾಖೆಗಳು ಸಾಲುಸಾಲಾಗಿ ಬರುತ್ತವೆ. ಅಲ್ಲಿ ತಮ್ಮ ಗೋತ್ರವನ್ನೂ ತಮ್ಮ ಮನೆಯಲ್ಲಿ ರೂಢಿಯಲ್ಲಿರುವ ಒಂದು ಹೆಸರನ್ನೂ ಕಂಡು, ನಡುವಣ ನಾಲ್ಕು ಶತಮಾನಗಳನ್ನು ಒಂದೇ ಗೆರೆಯಲ್ಲಿ ದಾಟಿಬಿಡುವವರು ಅನೇಕರು. ಒಂದು ಗೋತ್ರಕ್ಕೆ ಸೇರಿದವರು ದೇಶದಲ್ಲೆಲ್ಲ ಇರುವಾಗ ಗೋತ್ರಸಾಮ್ಯವು ವಂಶಸಾಮ್ಯಕ್ಕೆ ಪ್ರಮಾಣವಾಗಲಾರದು. ಹಾಗೆಯೇ ಥರ್ಸ್ಟನ್ನರ 1909ರ ಜಾತಿಕೋಶದಿಂದ ಮೂಲಪುರುಷನ ಕಥೆಯನ್ನು ಎತ್ತಿಕೊಂಡು ‘ನಮ್ಮ ಮನೆಯ ಐತಿಹ್ಯ’ ಎಂದು ಬರೆಯುವುದೂ ಸಲ್ಲದು. ಪುಸ್ತಕದಿಂದ ಮನೆಗೆ ಬಂದ ಕಥೆಯನ್ನು ಪುಸ್ತಕಕ್ಕೆ ಸಾಕ್ಷಿಯಾಗಿ ನಿಲ್ಲಿಸಿದಂತಾಗುತ್ತದೆ.

5

ಮೇಲ್ಕಂಡ ಆಕರಗಳೆಲ್ಲಕ್ಕೂ ಸಾಮಾನ್ಯವಾದ ತೊಡಕೆಂದರೆ ಹೆಸರು. ಪಶ್ಚಿಮದ ಜಾಲತಾಣಗಳು ಮೊದಲ ಹೆಸರು, ಕುಲದ ಹೆಸರು ಎಂದು ಎರಡು ಮನೆಗಳನ್ನು ತುಂಬಿಸುವಂತೆ ಕೇಳುತ್ತವೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಉಂಟು. ಕೊಡಗಿನಲ್ಲಿ ಒಕ್ಕದ ಹೆಸರು ಉಂಟು. ಹಳೆಯ ಮೈಸೂರು ಸೀಮೆಯಲ್ಲಿ ಬಹುಮಂದಿಗೆ ಊರಿನ ಮೊದಲಕ್ಷರ, ತಂದೆಯ ಮೊದಲಕ್ಷರಗಳೇ ಗತಿ. ತಲೆಮಾರಿನಿಂದ ತಲೆಮಾರಿಗೆ ಅವು ಬದಲಾಗುತ್ತವೆ. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಕುಟುಂಬ ಸಾಗುವುದು ತಾಯಿಯ ಕಡೆಯಿಂದ. ಅಲ್ಲಿ ತಂದೆಯಿಂದ ಮಗನಿಗೆ ಗೆರೆ ಎಳೆಯುತ್ತ ಹೋದರೆ ಪ್ರತಿ ತಲೆಮಾರಿನಲ್ಲಿಯೂ ಬೇರೊಂದು ಮನೆಗೆ ಹೋಗಿ ಸೇರುತ್ತೇವೆ.

ಇದಕ್ಕಿಂತ ಸೂಕ್ಷ್ಮವಾದುದು ಹೆಸರುಗಳ ಪುನರಾವೃತ್ತಿ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ಬಹಳ ಮನೆಗಳ ವಾಡಿಕೆ. ರಂಗಯ್ಯನ ಮಗ ತಿಮ್ಮಯ್ಯ, ಅವನ ಮಗ ರಂಗಯ್ಯ, ಅವನ ಮಗ ಮತ್ತೆ ತಿಮ್ಮಯ್ಯ. ಹೀಗಿರಲಾಗಿ ‘ತಿಮ್ಮಯ್ಯ ಬಿನ್ ರಂಗಯ್ಯ’ ಎಂಬ ನಮೂದು ಎರಡು ತಲೆಮಾರಿಗೊಮ್ಮೆ ಅಕ್ಷರಶಃ ಮರುಕಳಿಸುತ್ತದೆ. ತಂದೆಯ ಹೆಸರು ಹೊಂದಿದೆ ಎಂಬುದೇ ಇತರ ದೇಶಗಳಲ್ಲಿ ಬಲವಾದ ಸಾಕ್ಷ್ಯ. ನಮ್ಮಲ್ಲಿ ಅದೇ ಮೋಸದ ಮೂಲ. ಎರಡು ತಲೆಮಾರುಗಳೆಂದರೆ ಸುಮಾರು ಐವತ್ತು ಅರವತ್ತು ವರ್ಷ. ಸಂವತ್ಸರಗಳ ಚಕ್ರವೂ ಅರವತ್ತು ವರ್ಷಗಳದೇ. ಶಕವರ್ಷವಿಲ್ಲದೆ ಸಂವತ್ಸರದ ಹೆಸರೊಂದನ್ನೇ ಬರೆದಿರುವ ಮನೆಯ ಕಾಗದವೂ ಅಂತರಜಾಲದಲ್ಲಿ ದೊರೆತ ನಮೂದೂ ಕೂಡಿದಾಗ, ಅರವತ್ತು ವರ್ಷಗಳ ತಪ್ಪು ತನ್ನನ್ನು ತಾನೇ ಸಮರ್ಥಿಸಿಕೊಳ್ಳುತ್ತದೆ.

ಇದನ್ನು ನಾವು ಪರೋಪದೇಶಕ್ಕಾಗಿ ಹೇಳುತ್ತಿಲ್ಲ. ನಾವೇ ಈ ತಪ್ಪನ್ನು ಮಾಡಿದ್ದೇವೆ. ನಮ್ಮ ಮನೆಯ ಹಳೆಯ ಲೆಕ್ಕದ ಪುಸ್ತಕವೊಂದರಲ್ಲಿ, ಪ್ಲವ ಸಂವತ್ಸರದಲ್ಲಿ ರಂಗಯ್ಯನ ಮಗ ತಿಮ್ಮಯ್ಯನು ಹೊಲದಲ್ಲಿ ಬಾವಿ ತೆಗೆಸಿದನೆಂದೂ ಒಡ್ಡರಿಗೆ ಇಷ್ಟು ಕೊಟ್ಟನೆಂದೂ ಒಂದು ಬರಹವಿದೆ. (ಹೆಸರುಗಳನ್ನು ಇಲ್ಲಿ ಬದಲಿಸಿದ್ದೇವೆ.) ಪಹಣಿಯ ಜಾಡು ಹಿಡಿದಾಗ, ಅದೇ ಹೊಲದ ಖಾತೆ 1961–62ರಲ್ಲಿ ‘ತಿಮ್ಮಯ್ಯ ಬಿನ್ ರಂಗಯ್ಯ’ ಎಂಬ ನಮ್ಮ ತಾತನವರ ಹೆಸರಿಗೆ ಬಂದುದು ಕಂಡಿತು. 1961–62 ಪ್ಲವ ಸಂವತ್ಸರವೇ. ಹೆಸರು, ತಂದೆಯ ಹೆಸರು, ಹೊಲ, ಸಂವತ್ಸರ ನಾಲ್ಕೂ ಹೊಂದಿದ ಮೇಲೆ ಸಂದೇಹಕ್ಕೆ ಎಡೆಯೆಲ್ಲಿ? ಖಾತೆ ಬಂದ ವರ್ಷವೇ ತಾತನವರು ಬಾವಿ ತೆಗೆಸಿದರೆಂದು ಬರೆದು, ಅವರ ತಂದೆ ರಂಗಯ್ಯನವರನ್ನು ವಂಶದ ಮೊದಲ ಹೆಸರಾಗಿ ಇಟ್ಟು, ಬರೆದುದನ್ನು ಬಂಧುಗಳಿಗೆ ಹಂಚಿಯೂ ಆಯಿತು.

ಅದನ್ನು ಓದಿಸಿ ಕೇಳಿದ ನಮ್ಮ ಸೋದರತ್ತೆಯವರು ನಕ್ಕುಬಿಟ್ಟರು. “ಬಾವಿ ತೆಗೆಸಿದೋರು ದೊಡ್ಡ ತಿಮ್ಮಯ್ಯ ಕಣಪ್ಪ. ನಮ್ಮಪ್ಪ ಆ ಬಾವಿ ನೀರು ಕುಡಿದೇ ಬೆಳೆದೋರು” ಎಂದರು. ತಮ್ಮ ತಾಯಿ ಮದುವೆಯಾಗಿ ಆ ಮನೆಗೆ ಬಂದಾಗಲೇ ಬಾವಿಯ ಕಟ್ಟೆ ಹಳತಾಗಿದ್ದಿತೆಂದೂ ಅವರು ನೆನೆದರು. ಪುಸ್ತಕದಲ್ಲಿದ್ದ ತಿಥಿವಾರಗಳನ್ನು ಗಣಿಸಿ ನೋಡಲಾಗಿ ಅವು 1901–02ರ ಪ್ಲವಕ್ಕೆ ಹೊಂದಿದವೇ ಹೊರತು 1961–62ರದಕ್ಕಲ್ಲ. ಬಾವಿ ತೆಗೆಸಿದವರು ನಮ್ಮ ತಾತನವರ ತಾತ. ಮನೆಯಲ್ಲಿ ‘ದೊಡ್ಡ’, ‘ಚಿಕ್ಕ’ ಎಂಬ ಒಂದೊಂದು ಮಾತಿನಿಂದ ಸ್ಪಷ್ಟವಾಗಿ ಬೇರ್ಪಟ್ಟಿದ್ದ ಇಬ್ಬರನ್ನು ನಾವು ದಾಖಲೆಯ ಬಲದಿಂದ ಒಬ್ಬರನ್ನಾಗಿ ಮಾಡಿದ್ದೆವು. ಆ ಒಂದು ಸಮೀಕರಣದಿಂದ ವಂಶದ ಎರಡು ತಲೆಮಾರುಗಳು, ಇಬ್ಬರು ಪುರುಷರೂ ಅವರ ಕೈಹಿಡಿದು ಬಂದ ಇಬ್ಬರು ಸ್ತ್ರೀಯರೂ, ಚರಿತ್ರೆಯಿಂದ ಅಳಿಸಿಹೋಗಿದ್ದರು. ತಿಥಿವಾರಗಳ ಗಣನೆಗೆ ನೆರವಾಗುವ ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರ ಗ್ರಂಥಗಳು ಅದೇ ಅಂತರಜಾಲದಲ್ಲಿ ಉಚಿತವಾಗಿಯೇ ಇದ್ದವು. ಕೊರತೆ ಇದ್ದುದು ಆಕರದಲ್ಲಲ್ಲ, ನಮ್ಮ ಎಚ್ಚರದಲ್ಲಿ.

6

ಒಂದು ಮನೆಯ ವಂಶಾವಳಿಯಲ್ಲಿ ತಪ್ಪಾದರೆ ಲೋಕಕ್ಕೇನು ನಷ್ಟ ಎಂದು ಕೇಳುವವರುಂಟು. ನಷ್ಟವಿದೆಯೆಂಬುದಕ್ಕೆ ಅಸ್ಸಾಮಿನ ಅನುಭವ ಸಾಕ್ಷಿ. ಅಲ್ಲಿ ರಾಷ್ಟ್ರೀಯ ಪೌರರ ನೋಂದಣಿಯನ್ನು ಪರಿಷ್ಕರಿಸುವಾಗ, 1951ರ ನೋಂದಣಿಯನ್ನೂ 1971ರ ಮಾರ್ಚ್ 24ರವರೆಗಿನ ಮತದಾರರ ಪಟ್ಟಿಗಳನ್ನೂ 2015ರಲ್ಲಿ ಅಂತರಜಾಲದಲ್ಲಿ ಹುಡುಕಲು ಅನುಕೂಲವಾಗುವಂತೆ ಪ್ರಕಟಿಸಿದರು. ಆ ಪಟ್ಟಿಗಳಲ್ಲಿ ಹಿರಿಯರೊಬ್ಬರ ಹೆಸರನ್ನು ಕಂಡುಹಿಡಿದು, ಅವರಿಂದ ತನ್ನವರೆಗೆ ಸಂಬಂಧವನ್ನು ಸಾಧಿಸುವ ಹೊಣೆ ಬಹುಮಟ್ಟಿಗೆ ಅರ್ಜಿದಾರನದಾಗಿದ್ದಿತು. ಒಂದೇ ಹಿರಿಯರನ್ನು ಹೇಳಿಕೊಂಡವರ ವಂಶವೃಕ್ಷಗಳನ್ನು ಅಧಿಕಾರಿಗಳು ಪರಸ್ಪರ ತಾಳೆ ನೋಡಿದರು. ಮದುವೆಯಾಗಿ ಬೇರೆ ಊರಿಗೆ ಹೋದ, ಶಾಲೆಯ ಮುಖ ಕಾಣದ ಹೆಣ್ಣುಮಕ್ಕಳಿಗೆ ತಂದೆಯೊಡನೆ ಸಂಬಂಧವನ್ನು ತೋರಿಸುವುದೇ ಕಷ್ಟವಾಯಿತು. 2019ರ ಆಗಸ್ಟ್ 31ರಂದು ಪ್ರಕಟವಾದ ಪಟ್ಟಿಯಿಂದ ಹೊರಗುಳಿದವರು 19,06,657 ಮಂದಿ. ಇದರ ರಾಜಕೀಯ ವಿಚಾರ ಈ ಲೇಖನದ ವ್ಯಾಪ್ತಿಗೆ ಸೇರಿದುದಲ್ಲ. ಹಳೆಯ ಪಟ್ಟಿಯಲ್ಲಿ ಹೆಸರಿನ ಒಂದಕ್ಷರ ಹೇಗಿದೆ ಎಂಬುದು ಬದುಕಿರುವವರ ಬಾಳಿನ ಪ್ರಶ್ನೆಯಾಗಬಲ್ಲುದು ಎಂಬುದಷ್ಟೇ ನಾವು ಹೇಳಬೇಕಾದುದು. ನಮ್ಮ ಮನೆಯಲ್ಲಾದಂತಹ ಪ್ರಮಾದ ಅಲ್ಲಿ ಆಗಿದ್ದರೆ ಅದನ್ನು ನಗುತ್ತ ತಿದ್ದುವ ಸೋದರತ್ತೆಗೆ ಅವಕಾಶವೆಲ್ಲಿ?

ಇನ್ನೊಂದು ಪ್ರಸಂಗವನ್ನು ಇಲ್ಲಿ ಹೇಳುವುದು ಸಮಂಜಸ. ಸ್ನಾತಕೋತ್ತರ ತರಗತಿಯವರಿಗೆ, ಉಚಿತ ದಾಖಲೆಗಳ ನೆರವಿನಿಂದ ತಮ್ಮ ಮನೆಯ ನಾಲ್ಕು ತಲೆಮಾರುಗಳ ಚರಿತ್ರೆಯನ್ನು ಬರೆದು ತರುವಂತೆ ನಾವು ಒಮ್ಮೆ ಸೂಚಿಸಿದ್ದೆವು. ಒಬ್ಬರು ಯಾರೋ ಅಂತರಜಾಲದಲ್ಲಿ ಹಾಕಿದ್ದ ವಂಶವೃಕ್ಷವನ್ನೇ ಆಧರಿಸಿ ಹನ್ನೊಂದು ತಲೆಮಾರುಗಳನ್ನು ತಂದರು. ಅದರಲ್ಲಿ ಒಂದು ಗೆರೆಗೂ ಪ್ರಮಾಣವಿರಲಿಲ್ಲ. ಒಬ್ಬ ವಿದ್ಯಾರ್ಥಿನಿ ಬರಿಗೈಯಲ್ಲಿ ಬಂದು, “ನಮ್ಮ ಮನೆಗೆ ಚರಿತ್ರೆ ಇಲ್ಲವೆಂದು ಬರೆಯಲೇ, ಸಾರ್?” ಎಂದು ಕೇಳಿದಳು. ಅವಳ ಹಿರಿಯರಿಗೆ ಹೊಲವಿರಲಿಲ್ಲ. ಪಹಣಿಯಲ್ಲಿ ಹುಡುಕಲು ಏನೂ ಇರಲಿಲ್ಲ. ಆ ಪ್ರಶ್ನೆಗೆ ನಮ್ಮಲ್ಲಿ ಆ ಕ್ಷಣಕ್ಕೆ ಉತ್ತರವಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಒಪ್ಪಿಸಿದ ಕೆಲಸದ ರೂಪವೇ ಅವಳನ್ನು ಹೊರಗಿಟ್ಟಿದ್ದಿತು.

ಆಕೆ ಕೊನೆಗೆ ತಂದುದು ನಾಲ್ಕೇ ಪುಟ. ಮತದಾರರ ಪಟ್ಟಿಯಲ್ಲಿದ್ದ ಅಜ್ಜಿಯ ಹೆಸರೂ ವಯಸ್ಸೂ. ಅಜ್ಜಿಯು ಹೇಳಿದ ಮೂರು ಊರುಗಳ, ಮೂರು ಧಣಿಮನೆಗಳ ವಿವರ. ತಗಡಿನ ಪೆಟ್ಟಿಗೆಯಲ್ಲಿದ್ದ, 1976ರ ಜೀತಪದ್ಧತಿ ರದ್ದಿಯಾತಿ ಕಾಯಿದೆಯ ಮೇರೆಗೆ ತಾತನಿಗೆ ದೊರೆತ ವಿಮುಕ್ತಿ ಪತ್ರ. ಆ ಮನೆಯಲ್ಲಿ ಉಳಿದಿದ್ದ ಮೊದಲ ಕಾಗದ ಅದು. ಯಾವ ಮಾತು ಯಾರಿಂದ ತಿಳಿಯಿತು, ಯಾವುದು ಕಾಗದದಲ್ಲಿದೆ, ಯಾವುದು ಎಲ್ಲಿಯೂ ದೊರೆಯಲಿಲ್ಲ ಎಂಬುದನ್ನು ಆಕೆ ಬೇರೆಬೇರೆಯಾಗಿ ತೋರಿಸಿದ್ದಳು. ಹನ್ನೊಂದು ತಲೆಮಾರುಗಳ ಪ್ರಬಂಧಕ್ಕಿಂತ ಆ ನಾಲ್ಕು ಪುಟಗಳು ಚರಿತ್ರೆಯೆಂಬ ಹೆಸರಿಗೆ ಹೆಚ್ಚು ಅರ್ಹವೆಂದು ನಾವು ನಿರ್ಣಯಿಸಿದೆವು. ಇಂದಿಗೂ ನಮ್ಮ ಅಭಿಪ್ರಾಯ ಅದೇ.

7

ಹಾಗೆಂದು ಕಾಗದವನ್ನು ಬಿಟ್ಟು ಬಾಯಿಮಾತನ್ನೇ ನಂಬಬೇಕೆಂದು ನಾವು ಹೇಳುತ್ತಿಲ್ಲ. ನಮ್ಮಲ್ಲಿ ವಂಶಾವಳಿಗಳನ್ನು ಕಾಯ್ದುಕೊಂಡು ಬಂದ ಹೆಳವರಿದ್ದಾರೆ. ಎತ್ತನ್ನೇರಿ, ಗಂಟೆಯ ಸದ್ದಿನೊಡನೆ ಒಕ್ಕಲು ಮನೆಗಳಿಗೆ ಬಂದು, ಆ ಮನೆಯ ಮೂಲ, ವಲಸೆ, ಕವಲುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಂಡು, ಕಾಳುಕಡಿ ಪಡೆದು ಹೋಗುವುದು ಅವರ ಪರಂಪರೆಯ ವೃತ್ತಿ. ಅವರ ಪುಸ್ತಕಗಳಲ್ಲಿರುವ ಸಂಗತಿ ಎಷ್ಟೋ ಮನೆಗಳಿಗೆ ಬೇರೆಲ್ಲಿಯೂ ದೊರೆಯದು. ಆದರೆ ಹೆಳವನು ಹೋಗುವುದು ತನ್ನ ಒಕ್ಕಲುಗಳ ಮನೆಗೆ. ಕಾಳು ಕೊಡಲಾರದ ಮನೆಯ ವಂಶ ಅವನ ಪುಸ್ತಕದಲ್ಲಿಯೂ ಇರುವುದು ಕಷ್ಟ. ಕೊಡುವವರ ಮೂಲವನ್ನು ಕೊಂಚ ಎತ್ತರಿಸಿ ಹೇಳುವ ಪ್ರಲೋಭನೆಯೂ ಸಹಜ. ಪಹಣಿಯನ್ನು ಪರೀಕ್ಷಿಸುವ ಒರೆಗಲ್ಲಿನಲ್ಲಿಯೇ ಹೆಳವನ ಪುಸ್ತಕವನ್ನೂ ಸೋದರತ್ತೆಯ ನೆನಪನ್ನೂ ಪರೀಕ್ಷಿಸಬೇಕು. ಯಾರು, ಯಾವಾಗ, ಯಾರಿಗಾಗಿ, ಯಾವ ಲಾಭಕ್ಕಾಗಿ ಬರೆದರು ಅಥವಾ ಹೇಳಿದರು ಎಂಬ ಪ್ರಶ್ನೆಗಳಿಂದ ಯಾವ ಆಕರಕ್ಕೂ ವಿನಾಯಿತಿ ಇಲ್ಲ.

ಈ ಪರಿಶೀಲನೆಯಿಂದ ಕೆಲವು ನಿಯಮಗಳನ್ನು ಮುಂದಿಡಬಹುದಾಗಿದೆ. ಸೂಚಿಯಲ್ಲಿ ಕಂಡ ಹೆಸರನ್ನು ಮೂಲದ ಚಿತ್ರದೊಡನೆ ಹೋಲಿಸದೆ ಸ್ವೀಕರಿಸಬಾರದು. ಗಣಕವು ಇಲ್ಲವೆಂದ ಮಾತ್ರಕ್ಕೆ ಇಲ್ಲವೆಂದು ತಿಳಿಯಬಾರದು. ಕನ್ನಡ ಹೆಸರುಗಳ ರೋಮನ್ ಕಾಗುಣಿತವನ್ನು ನಾಲ್ಕಾರು ಬಗೆಯಲ್ಲಿ ಹುಡುಕಬೇಕು. ಒಬ್ಬ ವ್ಯಕ್ತಿಯ ಗುರುತಿಗೆ ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷ್ಯಗಳಾದರೂ ಬೇಕು. ಒಂದೇ ವಂಶವೃಕ್ಷವನ್ನು ಹತ್ತು ಮಂದಿ ನಕಲು ಮಾಡಿದರೆ ಅದು ಹತ್ತು ಸಾಕ್ಷ್ಯವಾಗದು. ಸಂವತ್ಸರವನ್ನು ತಿಥಿವಾರಗಳಿಂದ ಗಣಿಸಿ ನಿಶ್ಚಯಿಸಬೇಕು. ಪ್ರತಿಯೊಬ್ಬ ಪುರುಷನ ಹೆಸರಿನ ಪಕ್ಕದಲ್ಲಿ ಅವನ ತಾಯಿಗೂ ಪತ್ನಿಗೂ ಸ್ಥಳ ಬಿಡಬೇಕು. ಹೆಸರು ದೊರೆಯದಿದ್ದರೆ ದೊರೆಯಲಿಲ್ಲವೆಂದು ಬರೆಯಬೇಕು, ಆ ಸ್ಥಳವನ್ನು ಮುಚ್ಚಿಬಿಡಬಾರದು. ಬದುಕಿರುವವರ ಜನ್ಮದಿನ, ವಿಳಾಸಗಳನ್ನು ಅವರ ಒಪ್ಪಿಗೆಯಿಲ್ಲದೆ ಅಂತರಜಾಲದ ವಂಶವೃಕ್ಷಕ್ಕೆ ಏರಿಸುವುದು ಶಿಷ್ಟಾಚಾರಕ್ಕೆ ವಿರುದ್ಧ. ಚರಿತ್ರಕಾರನಿಗೆ ಆಕರದ ಮೇಲೆ ಹಕ್ಕಿದೆ, ನೆರೆಯವರ ಬಾಳಿನ ಮೇಲಿಲ್ಲ.

ಕೊನೆಯದಾಗಿ ನಮ್ಮ ವಿಭಾಗಗಳ ಕರ್ತವ್ಯವೂ ಒಂದಿದೆ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆ ರದ್ದುಗೊಳಿಸಿದ ಮೇಲೆ ಶಾನುಭೋಗರ ಕಡತಗಳು ಎಷ್ಟೋ ಮನೆಗಳ ಅಟ್ಟಗಳಲ್ಲಿ ಉಳಿದುವು. ಹೆಳವರ ಪುಸ್ತಕಗಳು, ಒಕ್ಕಲುಗಳ ಲೆಕ್ಕದ ಪುಸ್ತಕಗಳು, ಕೂಲಿಯವರ ಪೆಟ್ಟಿಗೆಗಳಲ್ಲಿರುವ ಒಂದೊಂದು ಕಾಗದ ಇವು ಬಹುಮಟ್ಟಿಗೆ ಇನ್ನೂ ಯಾವ ಜಾಲತಾಣವನ್ನೂ ಸೇರಿಲ್ಲ. ಪರರು ಏರಿಸಿದ ದಾಖಲೆಗಳನ್ನು ಉಚಿತವಾಗಿ ಬಳಸುವ ನಾವು, ಪ್ರತಿ ವರ್ಷ ಒಂದೊಂದು ಹೋಬಳಿಯಲ್ಲಾದರೂ ಇಂತಹ ಕಾಗದಗಳ ಛಾಯಾಚಿತ್ರ ತೆಗೆದು, ಒಡೆಯರ ಒಪ್ಪಿಗೆಯೊಡನೆ ಎಲ್ಲರಿಗೂ ಒದಗಿಸಿದರೆ ಋಣದ ಒಂದಂಶ ತೀರೀತು. ಮುಂದಿನ ವರ್ಷ ಇನ್ನೊಬ್ಬ ವಿದ್ಯಾರ್ಥಿನಿ ಬಂದು ತನ್ನ ಮನೆಗೆ ಚರಿತ್ರೆ ಇಲ್ಲವೆಂದು ಬರೆಯಲೇ ಎಂದು ಕೇಳುವಳು. ಚರಿತ್ರೆ ಇದೆಯೆಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಎಲ್ಲಿ ನೋಡಬೇಕೆಂದು ತೋರಿಸಬಲ್ಲವರಾಗಿರಬೇಕು.